ಬೇಸಿಗೆಗೆಂದು ತಂದ ಬೆಕ್ಕು

ಹೆಲ್ಸಿಂಕಿ
೧೫ ಆಗಸ್ಟ್ ೧೯೯೩

ಶ್ರೀಮತಿ ಹೆಲ್ವಿ ಕೌಪ್ಪಿ ಅವರಿಗೆ,

ನಿನ್ನೆ ನಿಮ್ಮ ಲಾಂಚಿನಲ್ಲಿ ದಾಟುವಾಗ ಹಿಂದೆ ಕಾರುಗಳ ಸಾಲೇ ಇತ್ತು. ಹಾಗಾಗಿ ಸರಿಯಾಗಿ ಮಾತನಾಡಲು ಆಗಲಿಲ್ಲ. ನೀವು ಕೊಟ್ಟ ಹೊಸ ಆಲೂಗಡ್ಡೆಗೆ ನನ್ನ ಹೆಂಡತಿ ಮಾರ್ಕೆತ್ತ ವಿಶೇಷವಾಗಿ ಧನ್ಯವಾದ ಹೇಳಿದ್ದಾಳೆ. ದ್ವೀಪದ ಬೇಸಿಗೆ ಮನೆಗೆ ಬೀಗ ಹಾಕಿದ್ದೇವೆ, ದೋಣಿಯನ್ನು ದಂಡೆಗೆ ಎಳೆದು ಮಗುಚಿದ್ದೇವೆ. ಗಾಳಿ ಜೋರಾದ ದಿನ ಅದರ ಮೇಲಿನ ಟಾರ್ಪಾಲಿನ ಕಡೆ ಒಮ್ಮೆ ಕಣ್ಣು ಹಾಯಿಸಿದರೆ ಉಪಕಾರವಾಗುತ್ತದೆ.

ಮಗಳು ಔತಿಗೆ ದಾರಿಯಲ್ಲೇ ನೆಗಡಿ ಶುರುವಾಯಿತು. ಮೂಗು, ಕಣ್ಣು ಎಲ್ಲ ಕೆಂಪು. ನಾಳೆಯಿಂದ ಅವಳಿಗೆ ಶಾಲೆ, ಮೂರನೇ ತರಗತಿ. ನನಗೂ ನಾಳೆಯಿಂದ ಮದ್ದಿನಂಗಡಿ.

ಅಂದಹಾಗೆ, ನಮ್ಮ ಸೌದೆ ಕೊಟ್ಟಿಗೆಯ ಹತ್ತಿರ ಬೂದುಬಣ್ಣದ ಬೆಕ್ಕೊಂದು ಓಡಾಡಿಕೊಂಡಿದೆ. ಇಲಿ ಹಿಡಿಯುವುದರಲ್ಲಿ ಗಟ್ಟಿಗ. ಊರಿನವರಿಗೆ ಯಾರಿಗಾದರೂ ಉಪಯೋಗಕ್ಕೆ ಬಂದೀತು. ದ್ವೀಪದಲ್ಲಿ ಬಯಲಿನಲ್ಲಿ ಬೆಳೆದ ಪ್ರಾಣಿ, ಅದಕ್ಕೆ ಅಲ್ಲೇ ಸುಖ.

ಮುಂದಿನ ಬೇಸಿಗೆಯಲ್ಲಿ ಕಾಣೋಣ.

ರೈಮೊ ಸಾಲೊವಾರ


ಲೆಪ್ಪಸಾರಿ ದ್ವೀಪ
೧೭ ಅಕ್ಟೋಬರ್ ೧೯೯೩

ಮದ್ದಿನಂಗಡಿಯ ರೈಮೊ ಅವರಿಗೆ,

ನಿಮ್ಮ ದೋಣಿಯ ಟಾರ್ಪಾಲು ಗಟ್ಟಿಯಾಗಿದೆ. ಬೆಕ್ಕು ಗಟ್ಟಿಯಾಗಿಲ್ಲ.

'ಬೆಕ್ಕೊಂದು ಓಡಾಡಿಕೊಂಡಿದೆ' ಎಂದು ಬರೆದಿದ್ದೀರಿ. ಇಡೀ ಬೇಸಿಗೆ ನಿಮ್ಮ ಮಗಳು ದಂಡೆಯ ಮೇಲೆ ನಿಂತು "ನಪ್ಪೀ, ನಪ್ಪೀ" ಎಂದು ಕೂಗುತ್ತಿದ್ದದ್ದು ನೀರಿನ ಮೇಲೆ ಹಾದು ನನ್ನ ಲಾಂಚಿನವರೆಗೂ ಕೇಳುತ್ತಿತ್ತು. ಈ ದ್ವೀಪಕ್ಕೆ ಬರುವ, ಹೋಗುವ ಪ್ರತಿ ಕಾರಿಗೂ ಗೇಟು ತೆಗೆಯುವವಳು ನಾನು, ಹತ್ತೊಂಬತ್ತು ವರ್ಷದಿಂದ. ಜೂನ್ ತಿಂಗಳಲ್ಲಿ ನಿಮ್ಮ ಹಿಂದಿನ ಸೀಟಿನಲ್ಲಿ ಒಂದು ಬುಟ್ಟಿ ಬಂತು. ಅದರಲ್ಲಿ ಇನ್ನೂ ವರ್ಷ ತುಂಬಿರದ ಬೂದು ಗಂಡುಬೆಕ್ಕು, ಮೂಗಿನ ಮೇಲೆ ಅಂಗಿಯ ಗುಂಡಿಯಷ್ಟು ಕಪ್ಪು ಚುಕ್ಕೆ. ಆಗಸ್ಟಿನಲ್ಲಿ ವಾಪಸ್ಸು ಹೋಗುವಾಗಲೂ ಬುಟ್ಟಿ ಇತ್ತು. ಒಳಗೆ ಒದ್ದೆ ಈಜುಡುಗೆ ಮಾತ್ರ ಇತ್ತು. ನಿಮ್ಮ ಮಗಳ ನೆಗಡಿಯನ್ನೂ ನೋಡಿದೆ. ಗಾಜಿಗೆ ಮುಖ ಒತ್ತಿ ಹಿಂದಕ್ಕೇ ನೋಡುತ್ತಿದ್ದಳು.

ನಿಮ್ಮೊಬ್ಬರನ್ನೇ ಬೈಯುತ್ತಿಲ್ಲ. ಬೇಸಿಗೆಗೆಂದು ಬೆಕ್ಕು ತರುವುದು, ಮಕ್ಕಳ ಆಟ ಮುಗಿದ ಮೇಲೆ ಬಿಟ್ಟುಹೋಗುವುದು ಇಲ್ಲಿ ಎಲ್ಲರೂ ಮಾಡುವ ಕೆಲಸ. ಈ ವರ್ಷ ಲಾಂಚಿನ ಕಟ್ಟೆಯ ಹಿಂದೆ, ಮೀನಿಗೆ ಹೊಗೆ ಹಾಕುವ ಗುಡಿಸಲಲ್ಲಿ ಒಂಬತ್ತು ಸೇರಿವೆ. ಒಂದು ಮೀನಿನ ತಲೆಗೆ ಒಂಬತ್ತೂ ಬಿದ್ದು ಕಚ್ಚಾಡುತ್ತವೆ. ನಿಮ್ಮ ನಪ್ಪಿ ಮೊದಲ ಮಂಜು ಬಿದ್ದ ದಿನ ನನ್ನ ಸೌನಾದ, ಹಬೆಸ್ನಾನದ ಆ ಗುಡಿಸಲಿನ, ಮೆಟ್ಟಿಲ ಮೇಲೆ ಬಂದು ಕೂತಿತ್ತು. ಒಂದು ಕಿವಿ ಅರ್ಧ ಇಲ್ಲ, ದವಡೆಯಲ್ಲಿ ಕೀವು. ಕೊರಳಲ್ಲಿ ಕೆಂಪು ಉಲ್ಲನ್‌ದಾರ, ಅದಕ್ಕೊಂದು ಗುಂಡಿ. ಅದನ್ನು ಹೆಣೆದ ಕೈ ಚಿಕ್ಕದು ಎಂದು ನೋಡಿದರೇ ತಿಳಿಯುತ್ತದೆ.

ಪೇಟೆಯ ಪಶುವೈದ್ಯೆ ಕೀವು ತೆಗೆದಳು, ಬೀಜ ಒಡೆದಳು, ರಕ್ತ ಪರೀಕ್ಷೆ ಮಾಡಿದಳು. ಬೆಕ್ಕುಗಳಿಗೆ ಬರುವ ಒಂದು ವೈರಸ್ ಅಂತೆ. ಮೈಯಲ್ಲಿ ರೋಗ ತಡೆಯುವ ಶಕ್ತಿಯನ್ನೇ ತಿಂದುಹಾಕುತ್ತದಂತೆ. ಕಚ್ಚಾಟದಲ್ಲಿ ಹಲ್ಲಿನಿಂದ ರಕ್ತಕ್ಕೆ ಇಳಿಯುತ್ತದೆ, ಹೋಗಲಾಡಿಸುವ ಮದ್ದಿಲ್ಲ. ಬೆಚ್ಚಗೆ ಮನೆಯೊಳಗೇ ಇಟ್ಟು ಚೆನ್ನಾಗಿ ತಿನ್ನಿಸಿದರೆ ವರ್ಷಗಟ್ಟಲೆ ಬದುಕಬಹುದು. ಆದರೆ ಜಗಳಕ್ಕೆ ಬೀಳುವ ಬೇರೆ ಬೆಕ್ಕು ಜೊತೆಗಿರಬಾರದು.

ನನ್ನ ಮನೆಯಲ್ಲಿ ಓತ್ಸೊ ಇದ್ದಾನೆ. ಎಂಟು ವರ್ಷದ ಕಪ್ಪು ಗಂಡು, ಇನ್ನೊಂದು ಬೆಕ್ಕಿನ ನೆರಳನ್ನೂ ಸಹಿಸುವವನಲ್ಲ. ನನ್ನ ಗಂಡ ಅರ್ವಿ ಹಾಸಿಗೆ ಹಿಡಿದ ವರ್ಷ ಬಂದ ಮರಿ. ಅರ್ವಿ ಹೋದ ಮೇಲೆ ಅವನ ಕುರ್ಚಿಯಲ್ಲಿ ಬೇರೆ ಯಾರನ್ನೂ ಕೂರಲು ಬಿಟ್ಟಿಲ್ಲ, ನನ್ನನ್ನೂ. ಆ ಮನೆಯಲ್ಲಿ ನನ್ನ ಜೊತೆ ಉಸಿರಾಡುವ ಜೀವ ಅದೊಂದೇ. ಅವನಿಗೇನಾದರೂ ತಗುಲಿದರೆ ನಾನು ಸುಮ್ಮನಿರುವುದಿಲ್ಲ.

ಸದ್ಯ ನಪ್ಪಿ ಸೌನಾದ ಮುಂಗೋಣೆಯಲ್ಲಿ ಬೀಗದೊಳಗಿದೆ. ಯಾವತ್ತು ಬಂದು ಕರೆದುಕೊಂಡು ಹೋಗುತ್ತೀರಿ, ಬರೆಯಿರಿ.

ಹೆಲ್ವಿ ಕೌಪ್ಪಿ


ಹೆಲ್ಸಿಂಕಿ
೩೧ ಅಕ್ಟೋಬರ್ ೧೯೯೩

ಹೆಲ್ವಿಯವರೇ,

ನಿಮ್ಮ ಪತ್ರ ಓದಿ ಬೇಸರವಾಯಿತು. ಆ ಬೆಕ್ಕಿಗೆ ಔತಿ ಬೇಸಿಗೆಯಲ್ಲಿ ಹಾಲು ಹಾಕಿದ್ದು ನಿಜ. ಅಷ್ಟಕ್ಕೇ ಅದು ನಮ್ಮದು ಎನ್ನಲಾಗದು.

ನಮ್ಮದು ಮೂರನೇ ಮಹಡಿಯ ಮನೆ. ನಾಲ್ಕು ಗೋಡೆಯೊಳಗೆ ಕೂಡಿಹಾಕಿದ ಬೆಕ್ಕಿನದು ಒಂದು ಬದುಕೇ? ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಕ್ರೌರ್ಯವಿಲ್ಲ. ಇದನ್ನು ತಪ್ಪಿಸಿಕೊಳ್ಳಲು ಹೇಳುತ್ತಿಲ್ಲ, ನಂಬಿ ಹೇಳುತ್ತಿದ್ದೇನೆ. ಜೊತೆಗೆ ಈ ರೋಗದ ಬಗ್ಗೆ ಕೇಳಿ ಮಾರ್ಕೆತ್ತ ಗಾಬರಿಯಾಗಿದ್ದಾಳೆ. ಪತ್ರಿಕೆಯವರು ಅದನ್ನು ಬೆಕ್ಕಿನ ಏಡ್ಸ್ ಎಂದೇ ಬರೆಯುತ್ತಾರೆ. ಮನುಷ್ಯರಿಗೆ ಬರುವುದಿಲ್ಲವೆಂದು ನಾನು ಹೇಳಿದೆ. "ನೀನು ಮಾತ್ರೆ ಮಾರೋನು, ಡಾಕ್ಟರಲ್ಲ" ಎಂದಳು.

ಅದು ನರಳುತ್ತಿದ್ದರೆ ನಿಮ್ಮ ನೆರೆಯ ತೌನೊ ಅವರನ್ನು ಕರೆಯಬಹುದಲ್ಲವೇ? ಪ್ರತಿ ಶರತ್ಕಾಲದಲ್ಲೂ ಅವರೇ ಈ ಕೆಲಸ ಮಾಡಿಕೊಡುತ್ತಾರೆಂದು ಕೇಳಿದ್ದೇನೆ. ಒಂದು ಕ್ಷಣದ ಮಾತು.

ದವಡೆಯ ಗಾಯಕ್ಕೆ ಮುಲಾಮು ಕಳುಹಿಸಿದ್ದೇನೆ. ದಿನಕ್ಕೆ ಎರಡು ಬಾರಿ ತೆಳುವಾಗಿ ಹಚ್ಚಿ.

ರೈಮೊ ಸಾಲೊವಾರ


ಲೆಪ್ಪಸಾರಿ
೨೧ ನವೆಂಬರ್ ೧೯೯೩

ರೈಮೊ ಅವರಿಗೆ,

ಕೊಲ್ಲಿಸಿ ಎಂದು ಬರೆದ ಲಕೋಟೆಯಲ್ಲೇ ಮುಲಾಮನ್ನೂ ಇಟ್ಟಿದ್ದೀರಿ. ಎರಡರಲ್ಲಿ ಯಾವುದನ್ನು ಮೊದಲು ಮಾಡಬೇಕೆಂದು ತಿಳಿಯದೆ ಒಂದು ವಾರ ಸುಮ್ಮನಿದ್ದೆ.

ತೌನೊನನ್ನು ಕರೆಯುವ ಅಗತ್ಯ ಬೀಳಲಿಲ್ಲ. ಕಟ್ಟೆಯ ಹಿಂದಿನ ಎಂಟನ್ನು ಮುಗಿಸಿ ಅವನೇ ಬಂದ, ಹೆಗಲ ಮೇಲೆ ಕೋವಿ. ಕಾಫಿ ಕುಡಿದ. ಒಳ್ಳೆಯ ಮನುಷ್ಯ, ಯಾರೂ ಮಾಡಲೊಪ್ಪದ ಕೆಲಸ ಅವನ ತಲೆಗೆ ಬಂದಿದೆ ಅಷ್ಟೇ. ಸೌನಾದ ಕಿಟಕಿಯಲ್ಲಿ ಇಣುಕಿ ನೋಡಿ ಕೇಳಿದ:

"ಹೆಲ್ವಿ, ಒಂಬತ್ತನೇದು ಇದೇನಾ?"

"ಅದು ಸೌನಾಕ್ಕೆ ಬಂದಿರೋ ನೆಂಟ ಕಣೋ."

"ನೆಂಟ ಬಂದು ಐದು ಶನಿವಾರ ಆಯ್ತಲ್ಲ. ನೀನು ಮೈ ತೊಳ್ಕೊಳ್ಳೋದು ಎಲ್ಲಿ?"

"ಅಡುಗೆಮನೇಲಿ, ಬೇಸಿನ್ನಲ್ಲಿ. ವಾಸನೆ ಬರ್ತಾ ಇದೆಯಾ?"

ತೌನೊ ನಗಲಿಲ್ಲ. ಈ ದೇಶದಲ್ಲಿ ಶನಿವಾರದ ಸೌನಾ ಬಿಟ್ಟವರನ್ನು ಹುಚ್ಚರ ಆಸ್ಪತ್ರೆಯವರು ಹುಡುಕಿಕೊಂಡು ಬರುತ್ತಾರೆ ಎಂದ. ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ್ದು ಮಾತ್ರ ಇನ್ನೂ ಕಿವಿಯಲ್ಲಿದೆ. "ನಿನ್ನ ಓತ್ಸೊ ಚೆನ್ನಾಗಿರ್ಬೇಕು ಅಂದ್ರೆ ಇದನ್ನ ನನ್ಗೆ ಕೊಡು. ಇವತ್ತಲ್ಲದಿದ್ರೆ ಇನ್ನೊಂದು ದಿನ ಬಾಗ್ಲು ಹಾಕೋದು ಯಾರೋ ಮರೀತಾರೆ."

ನಾನು ಕೊಡಲಿಲ್ಲ. ಬಾಗಿಲು ಹಾಕುವುದನ್ನು ನಾನು ಮರೆಯುವುದಿಲ್ಲ. ನನ್ನ ಹೊಟ್ಟೆಪಾಡೇ ಗೇಟು ಹಾಕಿ ತೆಗೆಯುವುದು.

ನಿಮ್ಮ ಮಗಳು ಹೆಣೆದ ದಾರವನ್ನು ಇದರೊಂದಿಗೆ ಇಟ್ಟಿದ್ದೇನೆ. ಅದು ನಿಮ್ಮದಲ್ಲವಾದರೆ ವಾಪಸ್ಸು ಕಳಿಸಿ.

ಹೆಲ್ವಿ


ಹೆಲ್ಸಿಂಕಿ
೬ ಜನವರಿ ೧೯೯೪

ಹೆಲ್ವಿಯವರೇ,

ಆರು ವಾರ ಉತ್ತರಿಸಲಿಲ್ಲ. ಆ ದಾರ ನನ್ನ ಕೋಟಿನ ಜೇಬಿನಲ್ಲೇ ಇತ್ತು. ಅಂಗಡಿಯಲ್ಲಿ ಮಾತ್ರೆ ಎಣಿಸುವಾಗಲೆಲ್ಲ ಕೈಗೆ ತಾಗುತ್ತಿತ್ತು.

ನಾನು ನಿಮಗೆ ಸುಳ್ಳು ಹೇಳಿದೆ. ಅದಕ್ಕಿಂತ ದೊಡ್ಡ ಸುಳ್ಳು ಔತಿಗೆ ಹೇಳಿದ್ದೇನೆ. ಹೊರಡುವ ದಿನ ಅವಳು ಬೆಕ್ಕನ್ನು ಬಿಟ್ಟು ಕಾರು ಹತ್ತಲಿಲ್ಲ. ಆಗ "ಹೆಲ್ವಿ ಅಜ್ಜಿ ನಪ್ಪಿನ ಸಾಕ್ಕೊಳ್ತೀನಿ ಅಂತ ಒಪ್ಕೊಂಡಿದ್ದಾರೆ" ಎಂದೆ. ನಿಮ್ಮನ್ನು ಒಂದು ಮಾತೂ ಕೇಳಿರಲಿಲ್ಲ. ವರಾಂಡದ ಕೆಳಗೆ ಒಂದು ಚೀಲ ತಿಂಡಿ ಸುರಿದು ಬಂದಿದ್ದೆ. ನನ್ನ ತಂದೆಯೂ ಪ್ರತಿ ಆಗಸ್ಟಿನಲ್ಲಿ ಹಾಗೇ ಮಾಡುತ್ತಿದ್ದರು. ಆ ಬೆಕ್ಕುಗಳು ಕಾಡಿನಲ್ಲಿ ಸುಖವಾಗಿವೆ ಎಂದು ನನಗೂ ಹೇಳುತ್ತಿದ್ದರು, ನಾನೂ ನಂಬಿದ್ದೆ.

ಅಂದಿನಿಂದ ಔತಿ ನಿಮ್ಮ ವಿಳಾಸಕ್ಕೆ, ನಪ್ಪಿಯ ಹೆಸರಿಗೆ ಪತ್ರ ಬರೆಯುತ್ತಿದ್ದಾಳೆ. ಅಂಚೆಗೆ ಹಾಕೆಂದು ನನ್ನ ಕೈಗೆ ಕೊಡುತ್ತಾಳೆ. ಹಾಕಲೂ ಆಗಲಿಲ್ಲ, ಹರಿಯಲೂ ಆಗಲಿಲ್ಲ. ಹನ್ನೊಂದಾಗಿವೆ. ಕ್ರಿಸ್ಮಸ್ ಹಿಂದಿನ ದಿನ ಅವಳು ತನ್ನ ತಟ್ಟೆಯ ಹ್ಯಾಮ್ ತುಂಡನ್ನು ಕಾಗದದಲ್ಲಿ ಸುತ್ತಿ ಹನ್ನೊಂದನೆಯ ಲಕೋಟೆಯೊಳಗೆ ಇಡಲು ಹೋದಳು. ನಾನು ಎದ್ದು ಸ್ನಾನದ ಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಂತೆ. ಮಾರ್ಕೆತ್ತ ಬಾಗಿಲ ಹೊರಗಿನಿಂದ ಕೇಳಿದಳು, "ಆ ಬೆಕ್ಕು ಇನ್ನೂ ಬದುಕಿದೆಯಾ?" ಎಂದು. ಇದೆ ಎಂದೆ. "ಹಾಗಾದ್ರೆ ತಗೊಂಡ್ ಬಾ" ಎಂದಳು.

ಹನ್ನೊಂದು ಪತ್ರಗಳನ್ನೂ ಕಳುಹಿಸುತ್ತಿದ್ದೇನೆ. ಹ್ಯಾಮ್ ಇಲ್ಲ. ಈಸ್ಟರ್ ರಜೆಯಲ್ಲಿ ಬಂದು ಕರೆದೊಯ್ಯುತ್ತೇನೆ, ಅಲ್ಲಿಯವರೆಗೆ ಇಟ್ಟುಕೊಳ್ಳುತ್ತೀರಾ? ಅದು ಹೇಗಿದೆ ಎಂದು ದಯವಿಟ್ಟು ನಿಜ ಬರೆಯಿರಿ. ತೀರಾ ಕಾಯಿಲೆಯ ಬೆಕ್ಕನ್ನು ಔತಿಯ ಕೈಗಿಡುವ ಧೈರ್ಯ ನನಗಿಲ್ಲ.

ರೈಮೊ


ಲೆಪ್ಪಸಾರಿ
೨೦ ಫೆಬ್ರವರಿ ೧೯೯೪

ರೈಮೊ ಅವರಿಗೆ,

ಇಲ್ಲಿ ಸೊನ್ನೆಗಿಂತ ಮೂವತ್ತೊಂದು ಕೆಳಗೆ. ಲಾಂಚು ಹಿಮದಲ್ಲಿ ಸಿಕ್ಕಿಕೊಂಡಿದೆ, ಕಾರುಗಳು ಹೆಪ್ಪುಗಟ್ಟಿದ ಸರೋವರದ ಮೇಲೆಯೇ ಓಡಾಡುತ್ತವೆ, ನನ್ನ ಗೇಟಿಗೆ ಕೆಲಸವಿಲ್ಲ. ಹಾಗಾಗಿ ನನ್ನ ದಿನವೆಲ್ಲ ನಿಮ್ಮ ಬೆಕ್ಕಿಗೇ.

ಬೆಳಿಗ್ಗೆ, ಸಂಜೆ ಮುಂಗೋಣೆಯ ಒಲೆಗೆ ಸೌದೆ ಹಾಕುತ್ತೇನೆ. ಸರೋವರದ ಸಣ್ಣ ಮೀನನ್ನು ಬೇಯಿಸಿ, ಮುಳ್ಳು ತೆಗೆದು, ಬೆರಳಲ್ಲಿ ನುರಿದು ಕೊಡುತ್ತೇನೆ. ಹಸಿ ಮೀನು ಕೂಡದು. ಆರೋಗ್ಯವಂತ ಬೆಕ್ಕಿಗೆ ಏನೂ ಮಾಡದ ಹುಳವೂ ಇವನನ್ನು ಕೆಡವುತ್ತದೆ. ಒಸಡು ಊದಿ ತಿನ್ನಲಾಗದೆ ಹೋದಾಗ ವೈದ್ಯೆ ಹಿಂದಿನ ಹಲ್ಲುಗಳನ್ನೆಲ್ಲ ಕಿತ್ತಳು. ಮುಂದಿನ ನಾಲ್ಕು ಕೋರೆಹಲ್ಲು ಉಳಿದಿವೆ. ಅದರಿಂದ ಅವನಿಗೆ ಎಷ್ಟೋ ಹಿತ. ಓತ್ಸೊನ ಹತ್ತಿರ ಹೋಗುವ ಮುಂಚೆ ಕೈ ತೊಳೆದು ಏಪ್ರನ್ ಬದಲಿಸುತ್ತೇನೆ. ಅಷ್ಟೆಲ್ಲ ಬೇಡ, ಬಟ್ಟೆಯಿಂದ ಬರುವುದಲ್ಲ ಎಂದು ವೈದ್ಯೆ ನಗುತ್ತಾಳೆ. ನಗಲಿ.

ಔತಿಯ ಪತ್ರಗಳನ್ನು ದಿನಕ್ಕೊಂದರಂತೆ ಅವನ ಮುಂದೆ ಓದಿದೆ. ಹನ್ನೊಂದೂ ಮುಗಿದ ಮೇಲೆ ಮೊದಲಿನಿಂದ ಶುರು ಮಾಡಿದ್ದೇನೆ. ಐದನೆಯದರಲ್ಲಿ ಗುಣಾಕಾರದ ಮಗ್ಗಿ ಇದೆ, ಅದು ಅವನಿಗೆ ಇಷ್ಟ, ನಿದ್ದೆ ಹೋಗುತ್ತಾನೆ. ಈಗ ನಾನು ಹಿಮ ತುಳಿದು ಬರುವ ಸದ್ದಿಗೇ ಕಿಟಕಿಗೆ ಬರುತ್ತಾನೆ. ಅತ್ತ ಮನೆಯ ಕಿಟಕಿಯಲ್ಲಿ ಓತ್ಸೊ. ಇಬ್ಬರ ನಡುವೆ ಇಪ್ಪತ್ತು ಹೆಜ್ಜೆ ಹಿಮ, ದಿನವಿಡೀ ಒಬ್ಬರನ್ನೊಬ್ಬರು ನೋಡುತ್ತಾರೆ.

ಹೇಗಿದ್ದಾನೆ ಎಂದು ಕೇಳಿದಿರಿ. ಚೆನ್ನಾಗಿದ್ದಾನೆ. ಮೈಕೈ ತುಂಬಿಕೊಂಡಿದ್ದಾನೆ. ವೈದ್ಯೆ ಇನ್ನೂ ಒಂದೆರಡು ಮಾತು ಹೇಳಿದಳು, ಅದೆಲ್ಲ ಬರೆಯುವಂಥದ್ದಲ್ಲ. ನಿಶ್ಚಿಂತೆಯಿಂದ ಬಂದು ಕರೆದುಕೊಂಡು ಹೋಗಿ. ಹೊರಗೆ ಮಾತ್ರ ಬಿಡಬೇಡಿ.

ಹೆಲ್ವಿ


ಹೆಲ್ಸಿಂಕಿ
೧೨ ಮೇ ೧೯೯೪

ಪ್ರೀತಿಯ ಹೆಲ್ವಿಯವರೇ,

ಈಸ್ಟರ್‌ನಲ್ಲಿ ನಪ್ಪಿಯನ್ನು ಬುಟ್ಟಿಗಿಟ್ಟು ಕೊಡುವಾಗ ನೀವು ಬೆನ್ನು ತಿರುಗಿಸಿ ಒಲೆಯ ಬೂದಿ ಕೆದಕುತ್ತಾ ನಿಂತಿದ್ದಿರಿ. ಸಿಟ್ಟಿನ್ನೂ ಇಳಿದಿಲ್ಲ ಎಂದುಕೊಂಡೆ. ಇರಲಿ, ನಾನು ಅದಕ್ಕೆ ಅರ್ಹ.

ಇಲ್ಲಿ ಈಗ ನಪ್ಪಿಯದೇ ಆಡಳಿತ. ಅಡುಗೆಮನೆಯ ಕಿಟಕಿಯಲ್ಲಿ ಕೂತು ಕೆಳಗೆ ಟ್ರಾಮ್ ಹೋಗುವುದನ್ನು ನೋಡುತ್ತದೆ. ಔತಿ ಶಾಲೆಯಿಂದ ಬಂದವಳೇ ಚೀಲ ಎಸೆದು ಅದರ ಪಕ್ಕ ಮಲಗುತ್ತಾಳೆ, ಮಗ್ಗಿ ಹೇಳುತ್ತಾಳೆ, ನೀವು ಹೇಳಿದ್ದು ನಿಜ, ಏಳರ ಮಗ್ಗಿ ಮುಗಿಯುವುದರೊಳಗೆ ನಿದ್ದೆ. ಮುಟ್ಟಲೂ ಹೆದರುತ್ತಿದ್ದ ಮಾರ್ಕೆತ್ತ ಈಗ ಯಾರೂ ಇಲ್ಲದಾಗ ಅದರೊಡನೆ ಮಾತನಾಡುತ್ತಾಳೆ. ಒಮ್ಮೆ ಸಿಕ್ಕಿಬಿದ್ದಳು. ನಾಲ್ಕು ದಿನ ಒಂದಿಷ್ಟು ಮಂಕಾಗಿತ್ತು, ಮೈ ಬಿಸಿ ಇತ್ತು. ಜಾಗ ಬದಲಾದದ್ದಕ್ಕೆ ಇರಬೇಕು.

ಜೂನ್ ೨೪ರ ಶುಕ್ರವಾರ ಮಧ್ಯಬೇಸಿಗೆ ಹಬ್ಬಕ್ಕೆ ದ್ವೀಪಕ್ಕೆ ಬರುತ್ತಿದ್ದೇವೆ, ನಪ್ಪಿಯೂ ಜೊತೆಗೆ. ಔತಿ ಹೊಸ ದಾರ ಹೆಣೆಯುತ್ತಿದ್ದಾಳೆ, ಈ ಸಲ ನೀಲಿ. ಕಿಟಕಿಯಲ್ಲಿ ಕೂತು ಕೂತು ಅದರ ಕಣ್ಣು ಬಾಡಿದೆ ಎಂದು ನನಗೆ ಆಗಾಗ ಅನ್ನಿಸುತ್ತದೆ. ಹುಲ್ಲು ನೋಡಿದರೆ ಸಂತೋಷಪಟ್ಟೀತು.

ರೈಮೊ


ಲೆಪ್ಪಸಾರಿ
೨೦ ಮೇ ೧೯೯೪

ರೈಮೊ ಅವರಿಗೆ,

ಹುಲ್ಲು ನೋಡದಿದ್ದರೆ ಅವನೇನೂ ಸಾಯುವುದಿಲ್ಲ. ಅವನನ್ನು ಅಲ್ಲೇ ಯಾರ ಹತ್ತಿರವಾದರೂ ಬಿಟ್ಟು ಬನ್ನಿ. ತಂದೇ ತರುತ್ತೀರಾದರೆ ಮನೆಯೊಳಗೇ ಇರಲಿ, ಬಾಗಿಲು ಹಾಕಿರಲಿ. ಸೌನಾ ಮತ್ತೆ ನನ್ನದಾಗಿದೆ. ಓತ್ಸೊ ಅದರ ಮೆಟ್ಟಿಲ ಮೇಲೆ ಮಲಗುತ್ತಾನೆ.

ಮೈ ಬಿಸಿಯಾದ ದಿನ ಗಂಟಲಿನ ಕೆಳಗೆ ಕೈಯಿಟ್ಟು ನೋಡಿ. ಗಂಟು ಸಿಕ್ಕರೆ ವೈದ್ಯರ ಹತ್ತಿರ ಹೋಗಿ. ಗಾಬರಿ ಬೇಡ.

ಹೆಲ್ವಿ


ಲೆಪ್ಪಸಾರಿ
೨೭ ಜೂನ್ ೧೯೯೪

ರೈಮೊ,

ನಿನ್ನೆ ನೀನು ದಾಟುವಾಗ ನಾನು ಕ್ಯಾಬಿನ್ನಿನಿಂದ ಕೆಳಗಿಳಿಯಲಿಲ್ಲ. ಇಳಿದಿದ್ದರೆ ಮಗುವಿನ ಮುಂದೆ ಆಡಬಾರದ್ದು ಆಡಿಬಿಡುತ್ತಿದ್ದೆ. ಆದ್ದರಿಂದ ಬರೆಯುತ್ತಿದ್ದೇನೆ.

ಹಬ್ಬದ ಸಂಜೆ ಏಳು ಗಂಟೆ, ಬಿಸಿಲು ಇನ್ನೂ ಮೇಲಿತ್ತು. ನೀವೆಲ್ಲ ದಂಡೆಯಲ್ಲಿ ದೊಡ್ಡ ಬೆಂಕಿಗೆ ಸೌದೆ ಪೇರಿಸುತ್ತಿದ್ದಿರಿ. ನಾನು ಸೌನಾದೊಳಗೆ ಹಬೆಯಲ್ಲಿ ಕೂತು ಬರ್ಚ್ ಮರದ ಸೊಪ್ಪಿನ ಕಟ್ಟಿನಿಂದ ಬೆನ್ನು ಬಡಿದುಕೊಳ್ಳುತ್ತಿದ್ದೆ. ಹೊರಗೆ ಕಿರುಚಿದ್ದು ಕೇಳಿತು. ಹಾಗೇ ಓಡಿ ಬಂದೆ, ಮೈಮೇಲೆ ಏನೂ ಇಲ್ಲದೆ. ಮೆಟ್ಟಿಲ ಮೇಲೆ ಬೂದು, ಕಪ್ಪು ಒಂದೇ ಮುದ್ದೆಯಾಗಿ ಉರುಳುತ್ತಿತ್ತು. ಒಂದು ಬಕೆಟ್ಟು ನೀರು ಸುರಿದೆ. ಬಿಡಿಸುವ ಹೊತ್ತಿಗೆ ಓತ್ಸೊನ ಕುತ್ತಿಗೆಯಲ್ಲಿ ಎರಡು ತೂತು, ರಕ್ತ ಬರುತ್ತಿತ್ತು. ಎರಡು ಕೋರೆಹಲ್ಲಿನ ತೂತು.

ಬಾಗಿಲು ತೆಗೆದದ್ದು ನೀನೇ ಎಂದು ಔತಿ ಅಳುತ್ತಾ ಹೇಳಿದಳು. "ಅಪ್ಪ ಅಂದ್ರು, ಇವತ್ತು ಹಬ್ಬ, ಇವತ್ತು ಯಾರನ್ನೂ ಕೂಡಿ ಹಾಕ್ಬಾರ್ದು ಅಂತ." ಈ ದೇಶದಲ್ಲಿ ಆ ಒಂದು ಸಂಜೆ ಯಾರೂ ಬಾಗಿಲು ಹಾಕುವುದಿಲ್ಲ, ನನಗೆ ಗೊತ್ತು. ಆ ಬಿಸಿಲು ನೋಡಿದರೆ ಎಲ್ಲರಿಗೂ ಎಲ್ಲವೂ ಸರಿಹೋದ ಹಾಗೆ ಕಾಣುತ್ತದೆ. ಆಗಸ್ಟಿನಲ್ಲಿ ನೀನು ಬೆಕ್ಕನ್ನು ಬಿಟ್ಟುಹೋದದ್ದೂ ಹೀಗೇ, ಅದರ ಸುಖಕ್ಕೇ ಎಂದುಕೊಂಡು. ನೀನು ಕೆಟ್ಟವನಾಗಿದ್ದರೆ ನನಗೆ ಇದಕ್ಕಿಂತ ಸುಲಭವಾಗುತ್ತಿತ್ತು.

ನಪ್ಪಿ ಕಾಡಿಗೆ ಹೋಗಲಿಲ್ಲ, ಹುಲ್ಲನ್ನೂ ಮೂಸಲಿಲ್ಲ. ಬಾಗಿಲು ತೆರೆದ ಕೂಡಲೇ ನೇರ ನನ್ನ ಸೌನಾಕ್ಕೆ ಬಂದ. ಅವನ ಪಾಲಿಗೆ ಅದೇ ಮನೆ. ಮನೆಯ ಮೆಟ್ಟಿಲ ಮೇಲೆ ಬೇರೊಬ್ಬ ಮಲಗಿದ್ದ.

ಓತ್ಸೊನ ರಕ್ತದಲ್ಲಿ ಏನಿದೆ ಎಂದು ಈಗಲೇ ತಿಳಿಯುವುದಿಲ್ಲವಂತೆ. ಮೂರು ತಿಂಗಳು ಕಾಯಬೇಕು. ಸೆಪ್ಟೆಂಬರ್ ಕೊನೆಗೆ ಪರೀಕ್ಷೆ. ನವೆಂಬರಿನಲ್ಲಿ ತೌನೊನ ಮಾತು ಕೇಳಿ ಆ ಬೆಕ್ಕನ್ನು ಅವನ ಕೈಗೆ ಕೊಟ್ಟಿದ್ದರೆ ಇವತ್ತು ನನ್ನ ಓತ್ಸೊ ಸುಖವಾಗಿರುತ್ತಿದ್ದ. ಅದನ್ನು ಇನ್ನು ಈ ದ್ವೀಪಕ್ಕೆ ತರಬೇಡ.

ಹೆಲ್ವಿ ಕೌಪ್ಪಿ


ಹೆಲ್ಸಿಂಕಿ
೫ ಜುಲೈ ೧೯೯೪

ಹೆಲ್ವಿಯವರೇ,

ಕ್ಷಮೆ ಕೇಳುವ ಪತ್ರವನ್ನು ನಾಲ್ಕು ಬಾರಿ ಬರೆದು ಹರಿದೆ. ನಪ್ಪಿ ಚೆನ್ನಾಗಿದೆ, ಮೈಕೈ ತುಂಬಿಕೊಂಡಿದೆ ಎಂದು ನೀವು ಬರೆದದ್ದನ್ನು ನಂಬಿದ್ದೆ. ಕಾಯಿಲೆ ಒಳಗೇ ಮಲಗಿಬಿಟ್ಟಿದೆ ಎಂದುಕೊಂಡೆ. ಇದು ನೆಪವಲ್ಲ, ನಡೆದದ್ದನ್ನು ಹೇಳುತ್ತಿದ್ದೇನೆ ಅಷ್ಟೇ.

ನಿಮ್ಮ ಪತ್ರದ ಕೊನೆಯ ಸಾಲುಗಳನ್ನು ಓದಿದೆ. ಅರ್ಥವಾಯಿತು. ಈ ಬೇಸಿಗೆ ನಾವು ಮತ್ತೆ ಬರುವುದಿಲ್ಲ.

ರೈಮೊ


ಲೆಪ್ಪಸಾರಿ
೨೬ ಸೆಪ್ಟೆಂಬರ್ ೧೯೯೪

ರೈಮೊ,

ಇವತ್ತು ಬೆಳಿಗ್ಗೆ ಪೇಟೆಗೆ ಹೋಗಿದ್ದೆ. ಓತ್ಸೊಗೂ ಬಂದಿದೆ. ವೈದ್ಯೆ ಎರಡು ಸಲ ನೋಡಿದಳು.

ಹಿಂದಿರುಗುವಾಗ ಲಾಂಚನ್ನು ಪಾಳಿಯ ಹುಡುಗಿ ನಡೆಸುತ್ತಿದ್ದಳು. ನಾನು ಪ್ರಯಾಣಿಕಳ ಹಾಗೆ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಅರ್ವಿಯ ವರದಿ ಬಂದ ದಿನವೂ ಹೀಗೇ ಕೂತಿದ್ದೆ. ಆಗ ಅಳಲಿಲ್ಲ, ಇವತ್ತು ಅತ್ತೆ. ಬೆಕ್ಕಿಗೆ ಇಷ್ಟು ಅಳುವ ಮುದುಕಿಯನ್ನು ನೋಡಿ ಹುಡುಗಿ ಪಾಪ ಗೇಟು ತೆಗೆಯುವುದನ್ನೇ ಮರೆತಳು.

ಅತ್ತು ಮುಗಿದ ಮೇಲೆ ಒಂದು ಹೊಳೆಯಿತು, ಅದಕ್ಕೇ ಬರೆಯುತ್ತಿದ್ದೇನೆ. ಮೊದಲು ಎರಡು ಮಾತು ಒಪ್ಪಿಕೊಳ್ಳಬೇಕು.

ಒಂದು. ಫೆಬ್ರವರಿಯಲ್ಲಿ ನೀನು ನಿಜ ಬರೆ ಎಂದೆ, ನಾನು ಸುಳ್ಳು ಬರೆದೆ. ಆ ಚಳಿಗಾಲದಲ್ಲಿ ನಪ್ಪಿಗೆ ಮೂರು ಸಲ ಜ್ವರ ಬಂದಿತ್ತು. ಒಮ್ಮೆ ಎರಡು ದಿನ ನೀರನ್ನೂ ಚಮಚದಲ್ಲಿ ಹಾಕಿದೆ. ಮುಂದೆ ಹೀಗೇ ಬಂದು ಹೋಗುತ್ತಿರುತ್ತದೆ, ಒಮ್ಮೆ ಹೋಗದೆ ಉಳಿಯುತ್ತದೆ ಎಂದು ವೈದ್ಯೆ ಹೇಳಿದ್ದಳು. ಅದನ್ನೆಲ್ಲ ಬರೆದರೆ ನೀನು ಬರುವುದಿಲ್ಲ ಎಂದು ಹೆದರಿದೆ. ಅವನಿಗೊಂದು ಮಗುವಿನ ಮಡಿಲು ಸಿಗಲಿ ಅಂತಲೂ ಇತ್ತು. ಓತ್ಸೊನಿಂದ ದೂರ ಹೋಗಲಿ ಅಂತಲೂ ಇತ್ತು. ನಿಜ ಬರೆದಿದ್ದರೆ ನೀನು ಆ ಬಾಗಿಲು ತೆಗೆಯುತ್ತಿರಲಿಲ್ಲ. ಬಾಗಿಲು ತೆಗೆದ ಕೈ ನಿನ್ನದು, ಚಿಲಕ ಸಡಿಲಿಸಿಟ್ಟವಳು ನಾನು.

ಎರಡು. ತೌನೊನ ಕೈಗೆ ಕೊಡಬೇಕಿತ್ತು ಎಂದು ಜೂನಿನಲ್ಲಿ ಬರೆದೆನಲ್ಲ, ಅದು ನನ್ನ ಮಾತಲ್ಲ, ಸಿಟ್ಟಿನದು. ಈಸ್ಟರ್‌ನಲ್ಲಿ ನಾನು ಬೂದಿ ಕೆದಕುತ್ತಿದ್ದದ್ದು ಸಿಟ್ಟಿಗಲ್ಲ. ಅವನು ಹೋಗುವುದನ್ನು ನೋಡಲಾರದೆ.

ಈಗ ಹೊಳೆದದ್ದನ್ನು ಕೇಳು. ಇಬ್ಬರಿಗೂ ಇರುವುದು ಒಂದೇ ರೋಗವಾದ ಮೇಲೆ ಇನ್ನು ಯಾರಿಂದ ಯಾರನ್ನು ಕಾಯುವುದು? ಇಬ್ಬರನ್ನೂ ಮೆಲ್ಲಗೆ ಒಂದೇ ಮನೆಗೆ ಒಗ್ಗಿಸಬಹುದು ಎಂದು ವೈದ್ಯೆ ಬೆಳಿಗ್ಗೆಯೇ ಹೇಳಿದ್ದಳು. ನಡುವೆ ತಂತಿಯ ಬಾಗಿಲಿಟ್ಟು, ವಾರಗಟ್ಟಲೆ ವಾಸನೆ ಅಭ್ಯಾಸ ಮಾಡಿಸಿ. ತೌನೊ ಆಗಲೇ ತಂತಿಯ ಬಾಗಿಲು ಮಾಡಲು ಕೂತಿದ್ದಾನೆ. "ಕೊನೆಗೂ ಒಂಬತ್ತನೇದು ನನ್ನ ಕೈತಪ್ಪಿಸ್ಕೊಳ್ತು" ಎಂದು ಗೊಣಗುತ್ತಿದ್ದಾನೆ, ಗೊಣಗುವಾಗ ಮುಖ ಅರಳಿದೆ. ನಪ್ಪಿಯ ಜ್ವರ ನಿನಗೆ, ಮಾರ್ಕೆತ್ತಗೆ, ಮಗುವಿಗೆ ಭಾರವಾಗುತ್ತಿದ್ದರೆ ಇಲ್ಲಿಗೆ ಕರೆದುಕೊಂಡು ಬಾ. ಅವನನ್ನು ಬಿಟ್ಟಿರಲು ನಿಮಗೆ ಆಗದಿದ್ದರೆ ಬೇಡ. ಬಂದರೆ ಔತಿ ಪ್ರತಿ ರಜೆಗೂ ಬರಲಿ, ನಡುವೆ ಪತ್ರ ಬರೆಯಲಿ. ಓದಿ ಹೇಳುವುದು ನನ್ನ ಕೆಲಸ. ಮಗ್ಗಿ ಹತ್ತರವರೆಗೂ ಬೇಕು.

ಸೌನಾದ ಒಲೆ ಹಚ್ಚಿದ್ದೇನೆ. ಕೋಣೆ ಬೆಚ್ಚಗಾಗಲು ಎರಡು ದಿನ ಬೇಕು, ನೀವು ಬರುವ ಹೊತ್ತಿಗೆ ಸರಿಯಾಗುತ್ತದೆ. ಲಾಂಚಿನಲ್ಲಿ ಈ ಸಲ ನಾನೇ ಗೇಟು ತೆಗೆಯುತ್ತೇನೆ.

ನಿನ್ನ
ಹೆಲ್ವಿ


ಹೆಲ್ಸಿಂಕಿ
೨೬ ಸೆಪ್ಟೆಂಬರ್ ೧೯೯೪

ಹೆಲ್ವಿಯವರೇ,

ಇವತ್ತು ಮಧ್ಯಾಹ್ನ ನಪ್ಪಿಗೆ ನೋವಿಲ್ಲದೆ ಸಾಯುವ ಕೊನೆಯ ಇಂಜೆಕ್ಷನ್ ಕೊಡಿಸಿದೆ.

ವಾರದ ಹಿಂದೆ ಜ್ವರ ಬಂದಿತ್ತು. ಗಂಟಲಿನ ಕೆಳಗೆ ಗಂಟು ಸಿಕ್ಕಿತು, ನೀವು ಹೇಳಿದ ಹಾಗೇ. ಇಲ್ಲಿಯ ವೈದ್ಯರು ಇದು ಇಳಿಯುವ ಜ್ವರ, ಔಷಧಿ ಕೊಡೋಣ, ಇನ್ನೂ ಕೆಲವು ವರ್ಷ ಇದ್ದೀತು ಎಂದರು. ನಾನೇ ಬೇಡವೆಂದೆ. ನಿಮ್ಮ ಜೂನ್ ತಿಂಗಳ ಪತ್ರ ಕೋಟಿನ ಜೇಬಿನಲ್ಲಿತ್ತು. ಮೂರು ತಿಂಗಳಿಂದ ಅಲ್ಲೇ ಇದೆ. ತೌನೊ ಅವರ ಕೈಗೆ ಕೊಟ್ಟಿದ್ದರೆ ಎಂದು ನೀವು ಬರೆದದ್ದು ಸರಿ. ಅಂದು ನಿಮಗೆ ಆಗದಿದ್ದದ್ದನ್ನು ನಾನು ಮಾಡಬೇಕು ಎಂದು ತೀರ್ಮಾನಿಸಿದೆ. ಅದು ಇದ್ದರೆ ಇನ್ನೊಂದು ಬಾಗಿಲು ತೆಗೆದುಬಿಡುತ್ತೇನೆ, ಇನ್ನೊಬ್ಬರ ಓತ್ಸೊಗೆ ಹೀಗಾಗುತ್ತದೆ. ನನ್ನನ್ನು ನಾನು ನಂಬಲಾರೆ. ಮಾಡಿದ ತಪ್ಪಿಗೆ ಒಂದು ಕೊನೆಯಾದರೂ ಇರಲಿ ಅನ್ನಿಸಿತು.

ಔತಿಗೆ ಶಾಲೆಗೆ ಹೋಗು ಎಂದೆ, ಹೋಗಲಿಲ್ಲ. ಟ್ರಾಮಿನಲ್ಲಿ ಬುಟ್ಟಿ ಅವಳ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಮುಚ್ಚಳದ ಸಂದಿಗೆ ಬಾಯಿಟ್ಟು ಮಗ್ಗಿ ಹೇಳುತ್ತಿದ್ದಳು. ವೈದ್ಯರ ಮೇಜಿನ ಪಕ್ಕ ನಿಂತೂ ಹೇಳಿದಳು. ಏಳೇಳಲ ನಲವತ್ತೊಂಬತ್ತಕ್ಕೆ ವೈದ್ಯರು ಅವಳ ಭುಜ ಮುಟ್ಟಿದರು.

ವಾಪಸ್ಸು ಬರುವಾಗ ಬುಟ್ಟಿಯಲ್ಲಿ ನೀಲಿ ದಾರ ಮಾತ್ರ ಇತ್ತು. ಅರ್ಧ ದಾರಿಯಲ್ಲಿ ಅವಳು ನನ್ನ ಕಡೆ ನೋಡದೆ ಕೇಳಿದಳು:

"ಈ ಸಲಾನೂ ಹೆಲ್ವಿ ಅಜ್ಜಿ ಹತ್ರ ಇದೆ ಅಂತ ಹೇಳ್ತೀಯಾ ಅಪ್ಪಾ?"



ಓತ್ಸೊನ ಪರೀಕ್ಷೆ ಈ ವಾರವೇ ಇರಬೇಕು. ಅವನಿಗೆ ಏನೂ ಆಗಿಲ್ಲವೆಂದು ಬಂದರೆ ಒಂದೇ ಒಂದು ಸಾಲು ಬರೆಯಿರಿ. ಬೇರೇನೂ ಬರೆಯುವುದು ಬೇಡ. ಆ ಸಾಲನ್ನು ಔತಿಗೆ ತೋರಿಸಬೇಕು.

ರೈಮೊ